ಹಳೆ ಸೀರೆಯ ಕೆಳಗಿನ ಹರಳು

ನನ್ನ ತಂಗಿ ನಕ್ಷತ್ರಗಳು ಸಿಡಿಯುವ ಲೆಕ್ಕ ಹಾಕುತ್ತಾಳೆ. ಪ್ರಪಂಚ ಹುಟ್ಟಿದಾಗಿನಿಂದ ಇಲ್ಲಿಯವರೆಗೆ ಯಾವ ಕಾಲದಲ್ಲಿ ಅವು ಎಷ್ಟೆಷ್ಟು ಹೊತ್ತಿಗೊಂದರಂತೆ ಸಿಡಿದಿರಬೇಕು ಎಂದು ಕಂಪ್ಯೂಟರಿನಲ್ಲಿ ಅಂದಾಜು ಮಾಡುವುದು, ಆಮೇಲೆ ದೊಡ್ಡ ದುರ್ಬೀನುಗಳಲ್ಲಿ ಕಂಡದ್ದಕ್ಕೆ ಅದನ್ನು ಹೋಲಿಸಿ ನೋಡುವುದು, ಇದು ಅವಳ ಕೆಲಸ. ಅವಳಿರುವುದು ಪುಣೆಯಲ್ಲಿ. ನಾನು ಗುಂಡ್ಲುಪೇಟೆಯ ಅಂಚಿನಲ್ಲಿದ್ದೇನೆ. ಮಳೆಗಾಲದಲ್ಲಿ ನನ್ನ ಗಂಡ ಚೆಂಡು ಹೂ ಬೆಳೆಯುತ್ತಾರೆ, ನಾನು ಅವರ ಜೊತೆ ಹೊಲದಲ್ಲಿರುತ್ತೇನೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಓದಲು ಬರುತ್ತದೆ, ಬರೆಯಲು ಬರುತ್ತದೆ, ಆದರೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು.

ತಂಗಿಯ ಕೆಲಸ ಏನೆಂದು ಕೇಳಿದವರಿಗೆ ಹೇಳುವುದು ನನಗೆ ಯಾವಾಗಲೂ ಕಷ್ಟ. ಒಂದು ಸಾರಿ ಹೂ ಬಿಡಿಸುತ್ತಿದ್ದಾಗ ಪಕ್ಕದ ಸಾಲಿನ ಹೆಂಗಸು ಕೇಳಿದಳು.

"ನಿನ್ ತಂಗಿ ಎಂತ ಕೆಲ್ಸದಲ್ಲವ್ಳೆ?"

"ನಕ್ಷತ್ರ ಸಿಡಿಯೋದ ಲೆಕ್ಕ ಮಾಡ್ತಳೆ."

"ಸಿಡ್ದೋದ್ದು ಸಿಡ್ದೋಯ್ತು. ಅದ್ನೇನ್ ಲೆಕ್ಕ ಮಾಡದು?"

"ಅವ್ಳುಗೆ ಬೇಕಂತೆ."

"ಸಂಬ್ಳ ಕೊಟ್ಟರಾ ಅದುಕ್ಕೆ?"

"ಕೊಟ್ಟರು."

"ಹಂಗಾರೆ ಮಾಡ್ಲಿ ಬುಡು," ಎಂದು ಅವಳು ಬುಟ್ಟಿ ಎತ್ತಿಕೊಂಡು ಮುಂದಕ್ಕೆ ಹೋದಳು.

ನನಗೂ ಹಾಗೆಯೇ ಅನ್ನಿಸುತ್ತಿತ್ತು. ಮಾಡಲಿ, ಚೆನ್ನಾಗಿರಲಿ. ಆದರೆ ಆ ಕೆಲಸದ ಮಾತು ಬಂದಾಗಲೆಲ್ಲ ನಾನು ಮಾತು ಬೇರೆ ಕಡೆ ತಿರುಗಿಸುತ್ತಿದ್ದೆ. ಯಾಕೆಂದರೆ ಅವಳು ಆ ದಾರಿ ಹಿಡಿದದ್ದು ನಮ್ಮ ತವರೂರು ಉಡಿಗಾಲದ ಮನೆಯಂಗಳದಲ್ಲಿ ಒಣಹಾಕಿದ್ದ, ಎಣ್ಣೆ ತೆಗೆಯುವ ಹರಳು ಕಾಯಿಯಿಂದ, ಆ ಹರಳಿನ ವಿಷಯದಲ್ಲಿ ನಾನು ಅವಳಿಗೆ ಒಂದು ಸುಳ್ಳು ಹೇಳಿದ್ದೆ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವಳು ಬಂದಳು. ಚಾಮರಾಜನಗರದ ಒಂದು ಕಾಲೇಜಿನಲ್ಲಿ ಮಕ್ಕಳಿಗೆ ಕನ್ನಡದಲ್ಲಿ ಮಾತಾಡಬೇಕೆಂದು ಕರೆದಿದ್ದರು. ಚಪ್ಪಲಿ ಬಿಡುವ ಮೊದಲೇ ಕೇಳಿದಳು: "ಅಕ್ಕ, ಬೇಲೀಲಿ ಹರಳು ಗಿಡ ಅವಲ್ಲ, ಕಾಯಿ ಬಲ್ತವ?"

"ಬಲ್ತವೆ. ಯಾಕಮ್ಮಿ, ಪುಣೆಲಿ ಎಣ್ಣೆ ಸಿಕ್ಕಲ್ವ?"

"ಎಣ್ಣೆಗಲ್ಲ ಕಣಕ್ಕ. ಮಕ್ಳಿಗೆ ತೋರ್ಸ್ಬೇಕು. ನಮ್ಮಿಬ್ರ ಕತೆ ಹೇಳ್ತೀನಿ. ನೀನೂ ಬರ್ಬೇಕು. ಮೊದಲ್ನೇ ಸಾಲಲ್ಲೇ ಕೂರಿಸ್ತೀನಿ, ಸಾಕ್ಷಿಗೆ!"

ನಮ್ಮವ್ವ ಜಗುಲಿಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಅವಳು ಈಗ ನನ್ನ ಜೊತೆಯಲ್ಲೇ ಇದ್ದಾಳೆ. ಹರಳು ಎಂದ ಕೂಡಲೇ ತಲೆಯೆತ್ತಿದಳು. "ಆ ವರ್ಸ ಸಂತೆಮರಹಳ್ಳಿ ನಿಮ್ಮತ್ತೆ ಬಸ್ ಮೇಲೆ ಒಂದ್ ಮೂಟೆ ಹರಳು ಹಾಕಿ ಕಳ್ಸಿದ್ಲು. ಹೆಂಗಿತ್ತು ಎಣ್ಣೆ! ಈಗೆಲ್ಲದ ಅಂತ ಎಣ್ಣೆ?"

"ಯಾವ ವರ್ಸವ್ವ?" ಎಂದು ತಂಗಿ ಕೇಳಿದಳು.

"ಅವ್ವ, ಅನ್ನ ಆರೋಯ್ತದೆ, ಒಳಕ್ಕೆ ಬಾ," ಎಂದು ನಾನು ಅವ್ವನ ರಟ್ಟೆ ಹಿಡಿದು ಎಬ್ಬಿಸಿದೆ. ಅನ್ನ ಇನ್ನೂ ಒಲೆಯ ಮೇಲೆಯೇ ಇತ್ತು.

ಹರಳು ಒಣಗಿಸುವುದನ್ನು ನೋಡದವರಿಗೆ ಸ್ವಲ್ಪ ಹೇಳಬೇಕು. ಗೊಂಚಲು ಕೊಯ್ದು ತಂದು ಕಾಯಿಯನ್ನು ಬಿಸಿಲಿಗೆ ಹರಡುತ್ತೇವೆ. ಕಾಯಿ ಒಣಗಿ ಬಿಗಿಯಾಗಿ, ಒಂದು ಹೊತ್ತಿನಲ್ಲಿ ಚಟ್ಟನೆ ಸಿಡಿಯುತ್ತದೆ. ಬೀಜ ಅಂಗಳ ದಾಟಿ ಹಾರುತ್ತದೆ. ಹಾಗೆ ಹಾರಿ ಪಕ್ಕದ ಮನೆ ಪಾಲಾಗಬಾರದೆಂದು ನಮ್ಮ ಕಡೆ ಮೇಲೊಂದು ಹಳೆ ಸೀರೆ ಹೊದಿಸಿ, ನಾಲ್ಕು ಮೂಲೆಗೂ ಕಲ್ಲಿಡುತ್ತೇವೆ. ಸೀರೆಯ ಕೆಳಗೆ ದಿನವೆಲ್ಲ ಚಟ್ ಚಟ್ ಸದ್ದು. ಒಳಗೆ ಎಷ್ಟು ಕಾಯಿ ಇದೆ, ಎಷ್ಟು ಸಿಡಿದಿದೆ ಎಂದು ಮೇಲಿನಿಂದ ಕಾಣುವುದಿಲ್ಲ. ಕೇಳುತ್ತದೆ, ಅಷ್ಟೆ.

ತಂಗಿ ಹೈಸ್ಕೂಲಿಗೆ ಸೇರಿದ ವರ್ಷ ಆ ಸದ್ದಿನ ಹಿಂದೆ ಬಿದ್ದಳು. ಗೋಡೆಯುದ್ದಕ್ಕೂ ತೆಂಗಿನ ಕರಟಗಳನ್ನು ಸಾಲಾಗಿ ಇಟ್ಟಳು. ಒಂದೊಂದು ಹೊತ್ತಿಗೆ ಒಂದೊಂದು ಕರಟ. ಒಂದು ಚಟ್ ಕೇಳಿದರೆ ಆ ಹೊತ್ತಿನ ಕರಟಕ್ಕೆ ಒಂದು ಹುಣಸೆ ಬೀಜ. ಒಟ್ಟಿಗೆ ಬಿಸಿಲಿಗೆ ಬಿದ್ದ ಕಾಯಿ ಮೊದಲು ಜೋರಾಗಿ ಸಿಡಿದು ಆಮೇಲೆ ಕಡಿಮೆಯಾಗುತ್ತಾ ಹೋಗಬೇಕು ಎಂದು ಮುಂಚೆಯೇ ಹೇಳಿ, ಪ್ರತಿ ಕರಟದಲ್ಲಿ ಬೀಜ ಎಲ್ಲಿಯವರೆಗೆ ಬರಬೇಕೆಂದು ಇದ್ದಿಲಿನಲ್ಲಿ ಗೆರೆ ಎಳೆದಿಟ್ಟಿದ್ದಳು. ಗೆರೆಯವರೆಗೆ ಬೀಜ ಬಂದರೆ ಅವಳ ಮುಖ ನೋಡಬೇಕಿತ್ತು. ಹಬ್ಬಕ್ಕೆ ಹೊಸ ಬಟ್ಟೆ ತಂದರೂ ಅಷ್ಟು ಹಿಗ್ಗುತ್ತಿರಲಿಲ್ಲ.

ಒಂದು ಭಾನುವಾರ ಅಪ್ಪ ಅವ್ವ ಹೊಲಕ್ಕೆ ಹೋಗಿದ್ದರು. ಅತ್ತೆ ಕಳಿಸಿದ ಮೂಟೆ ಬೆಳಿಗ್ಗೆ ತಂಗಿ ಏಳುವ ಮೊದಲೇ ಬಂದು ಬಾಗಿಲ ಮರೆಯಲ್ಲಿತ್ತು. ಅದನ್ನು ಹಿತ್ತಲ ಬಂಡೆಯ ಮೇಲೆ ಹರಡಿ ಕೋಳಿ ಕಾಯಬೇಕೆಂದು ಅವ್ವ ಹೇಳಿ ಹೋಗಿದ್ದಳು. ಎದುರು ಮನೆಯ ಟಿವಿಯಲ್ಲಿ ಮಧ್ಯಾಹ್ನ ಸಿನಿಮಾ ಇತ್ತು. ತಂಗಿ ಬೆಳಗಿನಿಂದ ಕದಲದೆ ಕುಳಿತಿದ್ದವಳು, ಸದ್ದು ಅವಳು ಹೇಳಿದಂತೆಯೇ ಕಡಿಮೆಯಾಗುತ್ತಾ ಬಂದಾಗ, "ಅಕ್ಕ, ಒಸಿ ನೋಡ್ಕೊ, ಉಂಡು ತಲೆಗೆ ನೀರು ಉಯ್ಕೊಂಡು ಬತ್ತೀನಿ," ಎಂದು ಒಳಗೆ ಹೋದಳು.

ನಾನು ಸೀರೆಯ ಒಂದು ಮೂಲೆಯ ಕಲ್ಲು ಸರಿಸಿ, ಅಂಚೆತ್ತಿ, ಅತ್ತೆಯ ಮೂಟೆಯನ್ನು ಅವಳ ಕಾಯಿಯ ಮೇಲೆ ಸುರಿದು ಕೈಯಾಡಿಸಿ ಹರಡಿದೆ. ಕಲ್ಲನ್ನು ಮತ್ತೆ ಇಟ್ಟೆ.

ಇಷ್ಟು ವರ್ಷ ಅದನ್ನು ನಾನು ಸೋಮಾರಿತನ ಎಂದುಕೊಂಡೇ ಬಂದೆ. ಬಂಡೆಯವರೆಗೆ ಮೂಟೆ ಹೊರುವುದು ತಪ್ಪಿತು, ಕೋಳಿ ಕಾಯುವುದು ತಪ್ಪಿತು, ಸಿನಿಮಾ ಸಿಕ್ಕಿತು. ಅದು ನಿಜವೇ. ಆದರೆ ಪೂರ್ತಿ ನಿಜವಲ್ಲ. ನನ್ನನ್ನು ಸ್ಕೂಲು ಬಿಡಿಸಿದಾಗ ಯಾರೂ ಕರಟ ಜೋಡಿಸಿ ಕೊಟ್ಟಿರಲಿಲ್ಲ, ಕಳೆ ಕೀಳುವ ಕುಡುಗೋಲು ಕೊಟ್ಟಿದ್ದರು. ಅವಳ ಇದ್ದಿಲು ಗೆರೆಗಳನ್ನು ನೋಡಿದರೆ ನನಗೆ ಉರಿಯುತ್ತಿತ್ತು. ಇವಳು ಹೇಳಿದಂತೆ ಕಾಯಿ ಸಿಡಿಯಬೇಕೋ, ಸಿಡಿಯಲಿ ನೋಡೋಣ ಎಂದು ಕೈಯಾಡಿಸುವಾಗ ಅಂದುಕೊಂಡದ್ದು ಇವತ್ತಿಗೂ ನೆನಪಿದೆ.

ಮೂಟೆಯಲ್ಲೇ ಬಾಡಿ ಬಿಸಿಯೇರಿದ್ದ ಕಾಯಿ ಬಹಳ ಹೊತ್ತು ಕಾಯಿಸಲಿಲ್ಲ. ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಹೊರಗೆ ಬಂದ ತಂಗಿ ನಿಂತಲ್ಲೇ ನಿಂತಳು.

"ಅಕ್ಕ! ಮತ್ತೆ ಜಾಸ್ತಿ ಆಯ್ತಾ ಅದೆ! ಕೇಳ್ಸ್ಕೊ!"

"ಹೂಂ ಕಣಮ್ಮಿ, ನಾನೂ ಬೀಜ ಹಾಕ್ತಾವ್ನಿ," ಎಂದೆ. ಅವಳು ಓಡಿ ಬಂದು ಹುಣಸೆ ಬೀಜದ ಮೊರ ಎಳೆದುಕೊಂಡಳು. ನಾನು ಸಿನಿಮಾಗೆ ಹೋದೆ. ಏನು ನೋಡಿದೆನೋ ಒಂದೂ ನೆನಪಿಲ್ಲ.

ಮಾರನೆಯ ದಿನ ಅವಳು ಸ್ಕೂಲಿನಿಂದ ಬರುವಷ್ಟರಲ್ಲಿ ಹರಳನ್ನೆಲ್ಲ ಬಾಚಿ ಚೀಲಕ್ಕೆ ತುಂಬಿಟ್ಟವಳು ನಾನೇ. ಎಷ್ಟಿತ್ತು ಎಂದು ಅವಳು ನೋಡಲಿಲ್ಲ. ಅವಳಿಗೆ ಹರಳು ಬೇಕಿರಲಿಲ್ಲ, ಕರಟ ಬೇಕಿತ್ತು.

ಆ ಕರಟಗಳನ್ನು ಹಲಗೆಗೆ ಅಂಟಿಸಿಕೊಂಡು ಚಾಮರಾಜನಗರದಲ್ಲಿ ನಡೆದ ಸ್ಕೂಲು ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ಹೋದಳು. ಹಲಗೆ ಹಿಡಿಯಲು ಜೊತೆಗೆ ನಾನು. ನೋಡಿ ಅಂಕ ಕೊಡಲು ಬಂದಿದ್ದ ಮೇಷ್ಟ್ರು ಬೇರೆ ಊರಿನವರು. ಕನ್ನಡಕ ಏರಿಸಿ ಸಾಲನ್ನು ನೋಡಿದರು. ತುಂಬಿದ ಕರಟ, ಅದಕ್ಕಿಂತ ಕಡಿಮೆ, ಇನ್ನೂ ಕಡಿಮೆ, ಆಮೇಲೆ ಇದ್ದಕ್ಕಿದ್ದಂತೆ ಮತ್ತೆ ತುಂಬಿದ ಕರಟ.

"ನಡುವೆ ಯಾರಾದರೂ ಬೇರೆ ಕಾಯಿ ಹಾಕಿದರೇನಮ್ಮ?" ಎಂದು ಕೇಳಿದರು.

"ಇಲ್ಲ ಸಾರ್. ಕೆಲವು ಕಾಯಿ ಬೇಗ ಸಿಡಿಯೋ ಜಾತಿ, ಕೆಲವು ತಡವಾಗಿ ಸಿಡಿಯೋ ಜಾತಿ ಇರಬೇಕು ಸಾರ್. ಬೇಕಾದ್ರೆ ನಮ್ಮಕ್ಕನ್ನ ಕೇಳಿ, ಅಕ್ಕ ಅಲ್ಲೇ ಇದ್ದಳು."

ಅವರು ನನ್ನ ಕಡೆ ತಿರುಗಿದರು. ನಾನು, "ಯಾರೂ ಹಾಕ್ಲಿಲ್ಲ ಸಾರ್," ಎಂದೆ.

"ಹಾಗಾದರೆ ಎಣಿಸಿದ್ದೇ ಸುಳ್ಳು. ಮನೆಯಲ್ಲಿ ಕೂತು ಮನಸ್ಸಿಗೆ ಬಂದಷ್ಟು ಬೀಜ ತುಂಬಿಕೊಂಡು ಬಂದಿದ್ದೀಯ," ಎಂದು ಅವಳಿಗೆ ಎಲ್ಲರೆದುರಿಗೆ ಹೇಳಿ ಪಕ್ಕದ ಮೇಜಿಗೆ ಹೋದರು.

ಬಸ್ಸಿನಲ್ಲಿ ಅವಳು ಅತ್ತಳು. ಊರು ಹತ್ತಿರ ಬಂದಾಗ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದು, "ನೀನೊಬ್ಳಾದ್ರೂ ನನ್ ಪರ ನಿಂತ್ಕಂಡಲ್ಲ ಅಕ್ಕ," ಎಂದಳು. ಆ ಕೈಯನ್ನು ನಾನು ಬಿಡಿಸಿಕೊಳ್ಳಲಿಲ್ಲ. ಬಾಯಿಯನ್ನೂ ಬಿಡಲಿಲ್ಲ.

ಆಮೇಲೆ ಅವಳು ಓದಿದಳು, ದೊಡ್ಡ ಊರುಗಳಿಗೆ ಹೋದಳು. ಒಂದು ಸಾರಿ ಕಾಲೇಜಿನಿಂದ ಫೋನು ಮಾಡಿ ಕಿರುಚಿದಂತೆ ಮಾತಾಡಿದಳು. ನಕ್ಷತ್ರಗಳಲ್ಲೂ ಹಾಗೇ ಇದೆಯಂತೆ. ಭಾರಿ ಗಾತ್ರದವು ಹುಟ್ಟಿದ ಸ್ವಲ್ಪ ಕಾಲಕ್ಕೇ ಸಿಡಿದುಬಿಡುತ್ತವೆ. ಇನ್ನು ಕೆಲವು ಸಾಧಾರಣ ಗಾತ್ರದವು ತಣ್ಣಗೆ ಬದುಕಿ, ಕೆಂಡವಾಗಿ ಉಳಿದು, ಜೊತೆಯ ನಕ್ಷತ್ರದಿಂದ ಮೈ ತುಂಬಿಸಿಕೊಂಡು ಎಷ್ಟೋ ಕಾಲವಾದ ಮೇಲೆ ಸಿಡಿಯುತ್ತವೆ. "ಬೇಗ ಸಿಡಿಯೋದು, ತಡವಾಗಿ ಸಿಡಿಯೋದು! ನಮ್ ಹರಳು ಸುಳ್ಳು ಹೇಳಿರ್ಲಿಲ್ಲ ಕಣಕ್ಕ!" ನಾನು ಫೋನು ಕಿವಿಗೆ ಒತ್ತಿಕೊಂಡು, "ಒಳ್ಳೇದಾಯ್ತು ಬುಡಮ್ಮಿ," ಎಂದೆ. ಅವತ್ತು ಹೇಳಬಹುದಿತ್ತು. ಹೇಳಲಿಲ್ಲ. ಅವಳ ಸಂತೋಷ ಕೆಡಿಸಬಾರದೆಂದು ಸುಮ್ಮನಾದೆ ಎಂದರೆ ಅದೂ ಇನ್ನೊಂದು ಸುಳ್ಳಾಗುತ್ತದೆ. ಅವಳು ನನ್ನನ್ನು ನೋಡುವ ರೀತಿ ಕೆಡಬಾರದೆಂದು ಸುಮ್ಮನಾದೆ.

ಈಗ ಆ ಕತೆಯನ್ನು ಅವಳು ಕಾಲೇಜು ತುಂಬ ಮಕ್ಕಳ ಮುಂದೆ ಹೇಳಲು ಹೊರಟಿದ್ದಳು. ಅದಕ್ಕೆ ನಾನು ಸಾಕ್ಷಿ.

ಕಾರ್ಯಕ್ರಮದ ಹಿಂದಿನ ದಿನ ನಾವಿಬ್ಬರೂ ಬೇಲಿಯಲ್ಲೇ ಒಣಗುತ್ತಿದ್ದ ಹರಳು ಕೊಯ್ದು ನಮ್ಮ ಅಂಗಳದಲ್ಲಿ ಹರಡಿದೆವು. ಪುಣೆಯಿಂದ ಬಂದವಳು ಸೀರೆಯ ಮೂಲೆಗೆ ಕಲ್ಲಿಡುವುದನ್ನು ಮರೆತಿರಲಿಲ್ಲ. ಕರಟಗಳನ್ನು ಜೋಡಿಸಿದಳು. ಬಿಸಿಲು ಹಿತವಾಗಿತ್ತು. ಅವ್ವ ಜಗುಲಿಯಲ್ಲಿ ತೂಕಡಿಸುತ್ತಿದ್ದಳು. ಮೊದಲ ಕಾಯಿ ಚಟ್ಟೆಂದಾಗ ತಂಗಿ ಚಿಕ್ಕ ಹುಡುಗಿಯ ಹಾಗೆ ನಕ್ಕು, ಒಂದು ಹುಣಸೆ ಬೀಜ ಹಾಕಿ, "ಅಕ್ಕ, ಒಸಿ ನೋಡ್ಕೊ, ಕಾಫಿ ಕಾಯಿಸ್ಕೊಂಡು ಬರ್ತೀನಿ," ಎಂದು ಎದ್ದಳು.

ಅದೇ ಮಾತು. ನನಗೆ ತಡೆಯಲಾಗಲಿಲ್ಲ.

"ಓಗ್ಬೇಡ ಕಣಮ್ಮಿ. ಕೂತ್ಕೊ. ಆವತ್ತು ನೀನು ಎದ್ದೋದಾಗ ಅತ್ತೆ ಮೂಟೆನ ಇದ್ರೊಳಕ್ಕೆ ಸುರ್ದವ್ಳು ನಾನೇ."

ಅವಳು ಕೂರಲಿಲ್ಲ. ನನ್ನನ್ನೇ ನೋಡಿದಳು. ಅವಳು ಕೇಳಿದ ಮೊದಲ ಮಾತು, ಯಾಕೆ ಎಂದಲ್ಲ.

"ಎಷ್ಟೊತ್ತಲ್ಲಿ ಸುರ್ದೆ?"

"ನೀನು ಉಣ್ಣಕ್ಕೋದ ತಕ್ಷಣ."

"ಪೂರ್ತಿ ಮೂಟೆನಾ?"

"ಪೂರ್ತಿ."

ಅವಳ ತುಟಿ ಅಲುಗುತ್ತಿತ್ತು, ಮನಸ್ಸಿನಲ್ಲೇ ಆ ಹಳೆಯ ಸಾಲನ್ನು ಎಣಿಸುತ್ತಿದ್ದಳು ಅನ್ನಿಸುತ್ತದೆ. ಆಮೇಲೆ, "ಹಂಗಾರೆ ಆ ಮೇಷ್ಟ್ರು ಕೇಳಿದ್ದು ಸರಿಯಾದ ಪ್ರಶ್ನೆ. ಪಾಪ, ಇಷ್ಟು ವರ್ಷ ಅವರನ್ನ ಬೈಕೊಂಡಿದೀನಿ," ಎಂದಳು. ಆಮೇಲೆ ಕೇಳಿದಳು, "ಯಾಕಕ್ಕ?"

"ಹೊಟ್ಟೆಕಿಚ್ಚು ಕಣಮ್ಮಿ. ಸಿನಿಮಾನೂ ಇತ್ತು. ಆದ್ರೆ ಹೊಟ್ಟೆಕಿಚ್ಚೇ."

"ಸುರ್ದಿದ್ದು ಬಿಡು. ಅವರು ಕೇಳ್ದಾಗ? ನಾನು ನಿನ್ ಕಡೆ ತಿರುಗಿ ತೋರಿಸಿದಾಗ?"

ಅವಳು ಸರಸರನೆ ಹಿತ್ತಲಿಗೆ ನಡೆದಳು. ಅಲ್ಲಿ ನಲ್ಲಿಯ ನೀರು ಬಿಟ್ಟ ಸದ್ದು ಬಹಳ ಹೊತ್ತು ಕೇಳಿಸಿತು. ನಾನು ಕದಲದೆ ಕುಳಿತು ಎಣಿಸಿದೆ. ಒಂದು ಚಟ್ಟಿಗೆ ಒಂದು ಬೀಜ. ತಪ್ಪಬಾರದೆಂದು ಉಸಿರು ಬಿಗಿಹಿಡಿದು ಎಣಿಸಿದೆ. ಅವ್ವ ಎಚ್ಚರವಾಗಿ ನನ್ನನ್ನೂ ಹಿತ್ತಲ ಕಡೆಯನ್ನೂ ನೋಡಿ, "ಏನಾಯ್ತ್ರಮ್ಮಿ, ಜಗಳವಾ? ಈ ವಯಸ್ನಲ್ಲಾ?" ಎಂದು ಮತ್ತೆ ಕಣ್ಣು ಮುಚ್ಚಿದಳು.

ತಂಗಿ ತಿರುಗಿ ಬಂದದ್ದು ಸಂಜೆಯ ಬಿಸಿಲು ಗೋಡೆ ಹತ್ತಿದ ಮೇಲೆ. ಕೈಯಲ್ಲಿ ಎರಡು ಲೋಟ ಕಾಫಿ. ಒಂದನ್ನು ನನ್ನ ಮುಂದೆ ಕುಕ್ಕಿದಳು. ಕುಕ್ಕಿದ ರೀತಿ ಇನ್ನೂ ಸಿಟ್ಟಿನದ್ದೇ, ಆದರೆ ಸಕ್ಕರೆ ನನಗೆ ಬೇಕಾದಷ್ಟು ಹಾಕಿದ್ದಳು.

"ನಾನು ದಿನಾ ತಲೆ ಕೆಡಿಸ್ಕೊಳ್ಳೋದು ಇದ್ರ ಮೇಲೇನೆ, ಗೊತ್ತಾ?" ಎಂದಳು. "ದೂರದ ನಕ್ಷತ್ರದ ಬೆಳಕು ಬರೋದು ತಡ. ಹಂಗಾಗಿ ದೂರ ನೋಡ್ದಷ್ಟೂ ಹಳೇ ಕಾಲ ಕಾಣುತ್ತೆ. ಒಂದು ಕಾಲದಲ್ಲಿ ಸಿಡಿಯೋದು ಜಾಸ್ತಿ ಕಂಡ್ರೆ, ಅವು ಆಗ ಹೊಸದಾಗಿ ಹುಟ್ಟಿದವೋ, ಯಾವಾಗಲೋ ಹುಟ್ಟಿ ತಡವಾಗಿ ಸಿಡಿದವೋ? ನಮ್ ಕಾಯಿ ಸದ್ದಿನಂಗೆ, ಎಣಿಕೆಗೆ ಎರಡೂ ಒಂದೇ. ಹುಟ್ಟೋ ಜಾಗದಲ್ಲೆಲ್ಲ ಧೂಳು ಕವ್ಕೊಂಡಿರುತ್ತೆ, ಈ ಹಳೇ ಸೀರೆ ಇದ್ದಂಗೆ. ಎಷ್ಟು ಹುಟ್ಟಿದವು ಅಂತ ಬೇರೆ ದಾರೀಲಿ ಕಂಡುಹಿಡೀದೆ ಇದ್ರೆ ನನ್ ಅಂದಾಜೆಲ್ಲ ತಲೆಕೆಳಗಾಗುತ್ತೆ."

"ಅಂಗಂದ್ರೆ ಆಕಾಸದಲ್ಲೂ ಯಾರೋ ಮೂಟೆ ಸುರ್ದವ್ರ?"

ಅವಳಿಗೆ ನಗು ಬಂತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. "ಸುರ್ದವ್ರೆ ಕಣಕ್ಕ. ಯಾವಾಗ ಸುರ್ದೆ ಅಂತ ಹೇಳಕ್ಕೆ ಅಲ್ಲಿ ಒಬ್ಬ ಅಕ್ಕ ಇಲ್ಲ, ಅಷ್ಟೆ."

ಆಮೇಲೆ ನಾನು ಎಣಿಸಿದ ಕರಟಗಳನ್ನು ಒಂದೊಂದಾಗಿ ಬಗ್ಗಿ ನೋಡಿ, "ಸರಿಯಾಗಿ ಎಣಿಸಿದ್ಯಾ?" ಎಂದಳು. "ಎಣಿಸಿದೀನಿ," ಎಂದೆ. ಮತ್ತೆ ಕೇಳಲಿಲ್ಲ. ನಂಬಿದಳು.

ಮಾರನೆಯ ದಿನ ಗುಂಡ್ಲುಪೇಟೆ ಸ್ಟ್ಯಾಂಡಿನಲ್ಲಿ ಚಾಮರಾಜನಗರದ ಬಸ್ಸು ಹತ್ತಿದೆವು. ಹರಳಿನ ಚೀಲ ಅವಳ ತೊಡೆಯ ಮೇಲೆ, ಕರಟಗಳ ಚೀಲ ನನ್ನ ತೊಡೆಯ ಮೇಲೆ. ತೆರಕಣಾಂಬಿಯಲ್ಲಿ ಹತ್ತಿದ ಪರಿಚಯದವರೊಬ್ಬರು, "ಏನಕ್ಕೋ, ಎಣ್ಣೆ ಗಾಣಕ್ಕಾ?" ಎಂದರು. "ಕಾಲೇಜಿಗೆ," ಎಂದೆ. ಅವರು ಚೀಲವನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಹಿಂದಿನ ಸೀಟಿಗೆ ಹೋದರು. ಕತೆಯನ್ನು ಹೇಗೆ ಹೇಳುತ್ತೀಯ ಎಂದು ತಂಗಿಯನ್ನು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಸಭಾಂಗಣದಲ್ಲಿ ನನ್ನನ್ನು ಮೊದಲ ಸಾಲಿನಲ್ಲೇ ಕೂರಿಸಿದರು. ಅವಳು ಹಳೆಯ ಕರಟಗಳ ಸಾಲನ್ನು ನೆನಪಿನಿಂದ ಮೇಜಿನ ಮೇಲೆ ಮತ್ತೆ ಜೋಡಿಸಿ ಮಕ್ಕಳಿಗೆ ತೋರಿಸಿದಳು. ಹರಳಿನ ಮಾತು, ಸೀರೆಯ ಮಾತು, ಮೇಷ್ಟ್ರ ಮಾತು ಎಲ್ಲ ಹೇಳಿದಳು. "ಎಣಿಕೆಯೇ ಸುಳ್ಳು ಅಂದರು. ನಾನು ಎರಡು ಜಾತಿ ಕಾಯಿ ಅಂದುಕೊಂಡೆ. ಎರಡೂ ಅಲ್ಲ ಅಂತ ನಿನ್ನೆ ಗೊತ್ತಾಯಿತು. ನಮ್ಮ ಮನೆಯಲ್ಲಿ ಒಬ್ಬರು ನಡುವೆ ಇನ್ನೊಂದು ಮೂಟೆ ಸುರಿದಿದ್ದರು."

ಹುಡುಗರೆಲ್ಲ ಗೊಳ್ಳೆಂದು ನಕ್ಕರು. "ಯಾರು ಮೇಡಂ?" ಎಂದು ಹಿಂದಿನಿಂದ ಕೂಗಿದರು.

"ಹೇಳಲ್ಲ. ಅದು ಅವರಿಗೆ ಬಿಟ್ಟಿದ್ದು." ನನ್ನ ಕಡೆ ತಿರುಗಿ ಸಹ ನೋಡಲಿಲ್ಲ.

ಅವಳು ಆ ಹಳೆಯ ದಿನ ನನ್ನ ಕಡೆ ತಿರುಗಿದ್ದಳು, ನಾನು ಕೈಕೊಟ್ಟಿದ್ದೆ. ಇವತ್ತು ತಿರುಗದೆ ನನ್ನನ್ನು ಕಾಪಾಡುತ್ತಿದ್ದಳು. ಅದು ನನಗೆ ಸಹಿಸಲಾಗಲಿಲ್ಲ. ಎದ್ದು ನಿಂತೆ.

"ನಾನೇ ಸುರ್ದಿದ್ದು. ಕೇಳ್ದಾಗ ಇಲ್ಲ ಅಂದವ್ಳೂ ನಾನೇ. ಇವ್ಳ ಅಕ್ಕ."

ಎರಡು ಜಡೆಯ ಒಬ್ಬ ಹುಡುಗಿ ಎದ್ದು ನಿಂತು, ಬಹಳ ಗಂಭೀರವಾಗಿ, "ಎಷ್ಟು ಹೊತ್ತಿಗೆ ಸುರಿದ್ರಿ ಆಂಟಿ?" ಎಂದು ಕೇಳಿದಳು.

ತಂಗಿ ವೇದಿಕೆಯ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ನನ್ನನ್ನು ಕೈ ಸನ್ನೆ ಮಾಡಿ ಮೇಲೆ ಕರೆದಳು. "ಬಾ, ನೀನೇ ತೋರ್ಸು."

ಮೇಲೆ ಹೋಗಿ, ಅವಳು ಉಣ್ಣಲು ಎದ್ದು ಹೋದ ಹೊತ್ತಿನ ಕರಟ ಯಾವುದೆಂದು ತೋರಿಸಿದೆ. ಆ ಕರಟಕ್ಕೂ ಅದರ ಹಿಂದಿನದಕ್ಕೂ ನಡುವೆ ಅವಳು ಒಂದು ಸೀಮೆಸುಣ್ಣ ಇಟ್ಟು, ಅಲ್ಲಿಂದ ಮುಂದಿನ ಕರಟಗಳನ್ನೆಲ್ಲ ಕೆಳಗೆ ಸರಿಸಿ ಎರಡನೇ ಸಾಲು ಮಾಡಿದಳು. ಈಗ ಮೇಲಿನ ಸಾಲು ತುಂಬಿದ್ದು ಕಡಿಮೆಯಾಗುತ್ತಾ ಹೋಗಿತ್ತು. ಕೆಳಗಿನ ಸಾಲೂ ತುಂಬಿದ್ದು ಕಡಿಮೆಯಾಗುತ್ತಾ ಹೋಗಿತ್ತು. ಹುಡುಗಿಯಾಗಿದ್ದಾಗ ಅವಳು ಇದ್ದಿಲಿನಲ್ಲಿ ಗೆರೆ ಎಳೆದಿಟ್ಟಂತೆಯೇ. ಅವಳು ಹೇಳಿದ್ದೂ ಸರಿಯಾಗಿತ್ತು, ಎಣಿಸಿದ್ದೂ ಸರಿಯಾಗಿತ್ತು. ಅದನ್ನು ಅಷ್ಟು ಜನರ ಮುಂದೆ ನಾನು ನನ್ನ ಕೈಯಲ್ಲೇ ತೋರಿಸಿದೆ.

ತಂಗಿ ಆ ಎರಡು ಸಾಲಿನ ಕರಟಗಳನ್ನು ಬೆರಳಿನಿಂದ ನೇರ ಮಾಡಿದಳು. ಆಮೇಲೆ ಮೈಕಿನಿಂದ ಪಕ್ಕಕ್ಕೆ ಬಾಗಿ ನನಗೊಬ್ಬಳಿಗೇ ಕೇಳುವಂತೆ, "ಇನ್ಮೇಲೆ ಬೇರೆ ಕಡೆ ಹೇಳೋವಾಗ ನಿನ್ ಹೆಸ್ರು ಹೇಳಲ್ಲ ಬಿಡಕ್ಕ," ಎಂದಳು.

ಹೇಳಿದರೂ ಚಿಂತೆಯಿಲ್ಲ ಎಂದು ಅವಳಿಗೆ ತಿಳಿಯಲಿ ಎಂದೇ ಇದನ್ನು ಬರೆದೆ.

ಸಂಜೆ ಮನೆಗೆ ಬಂದಾಗ ಅವ್ವ ಜಗುಲಿಯ ಮೇಲೆಯೇ ಇದ್ದಳು. ಮಕ್ಕಳು ಏನಂದರು, ಕಾಲೇಜು ಹೇಗಿತ್ತು, ಒಂದನ್ನೂ ಕೇಳಲಿಲ್ಲ. ಚೀಲ ಮುಟ್ಟಿ ನೋಡಿದಳು.

"ಹರಳೆಲ್ಲ ವಾಪಸ್ ತಂದ್ರಾ, ಇಲ್ಲ ಅಲ್ಲೇ ಹಂಚ್ಬುಟ್ರಾ?"

"ತಂದಿದ್ದೀವಿ ಕಣವ್ವ," ಎಂದು ತಂಗಿ ಚೀಲವನ್ನು ಬಿಚ್ಚಿ ಮೊರಕ್ಕೆ ಸುರಿದಳು. ಎಣ್ಣೆ ತೆಗೆಯಲು ಹರಳು ಹುರಿಯಬೇಕಲ್ಲ, ನಾನು ಒಲೆ ಹೊತ್ತಿಸಲು ಒಳಗೆ ಹೋದೆ.